ಪುಟ್ಟ ಮಕ್ಕಳ ಪ್ಯಾನ್‌ಕೇಕ್: ಯಾವ ಹಿಟ್ಟು, ಯಾವ ಹದ, ಯಾವ ವಯಸ್ಸಿಗೆ

ಪ್ಯಾನ್‌ಕೇಕ್ ಹತ್ತಿಯಂತೆ ಉಬ್ಬಬೇಕೆಂಬುದು ದೊಡ್ಡವರ ಆಸೆ. ಹಲ್ಲು ಈಗಷ್ಟೇ ಮೂಡುತ್ತಿರುವ ಮಗುವಿಗೆ ಅದರಿಂದ ಏನೂ ಆಗಬೇಕಿಲ್ಲ. ಅದರ ಬಾಯಿಗೆ ಬೇಕಾದ್ದು ಒಸಡಿನಲ್ಲಿ ಅದುಮಿದರೆ ನುಣ್ಣಗಾಗುವ ಮೆದು ಮತ್ತು ಅಂಗುಳಿಗೆ ಅಂಟಿ ಕೂರದಷ್ಟು ತೇವ. ಮೈಗೆ ಬೇಕಾದ್ದು ಕಬ್ಬಿಣಾಂಶ, ಪ್ರೋಟೀನ್, ಒಂದಿಷ್ಟು ಕೊಬ್ಬು. ಈ ಅಳತೆಗೋಲು ಹಿಡಿದು ನೋಡಿದರೆ ಚೆಂದ ಕಾಣುವ ಎಷ್ಟೋ ಪಾಕವಿಧಾನಗಳು ಹಿಂದೆ ಬೀಳುತ್ತವೆ, ನೋಡಲು ಸಪ್ಪೆಯಾದವು ಮುಂದೆ ಬರುತ್ತವೆ.

ಅವಸರದಲ್ಲಿರುವವರಿಗೆ ಉತ್ತರ ಮೊದಲೇ ಇಲ್ಲಿದೆ. ಮೊಟ್ಟೆ ಒಗ್ಗಿರುವ ಮಗುವಿಗೆ ದಿನಬಳಕೆಗೆ ಓಟ್ಸ್ ಮತ್ತು ಮೊಟ್ಟೆಯದು. ಮೊಟ್ಟೆಯೂ ಹಾಲೂ ಆಗದ ಮಗುವಿಗೆ ಕಡಲೆಹಿಟ್ಟಿನದು. ಇಡೀ ಮನೆಗೆ ಒಂದೇ ಪಾತ್ರೆಯಲ್ಲಿ ಕಲಸುವುದಾದರೆ ಇಡೀ ಗೋಧಿಯದು. ಬರೀ ಬಾಳೆಹಣ್ಣು ಮತ್ತು ಮೊಟ್ಟೆಯದನ್ನು ಅಪರೂಪಕ್ಕೆ ಇಟ್ಟುಕೊಳ್ಳಿ. ಯಾಕೆ ಹೀಗೆ ಎಂಬುದು ಮುಂದಿದೆ.

ಹಿಟ್ಟಿಗೆ ಕೈ ಹಾಕುವ ಮೊದಲು

ಆರು ತಿಂಗಳು ತುಂಬಿರಬೇಕು, ಕತ್ತು ನಿಂತಿರಬೇಕು, ಆಸರೆ ಕೊಟ್ಟರೆ ನೆಟ್ಟಗೆ ಕೂರಬೇಕು, ಬಾಯಿಗಿಟ್ಟದ್ದನ್ನೆಲ್ಲ ನಾಲಗೆಯಿಂದ ಹೊರಗೆ ತಳ್ಳುವುದು ನಿಂತಿರಬೇಕು. ಇಷ್ಟಾದರೆ ಪ್ಯಾನ್‌ಕೇಕ್ ಕೊಡಬಹುದು. ಆದರೆ ಅದೇ ಮಗುವಿನ ಮೊತ್ತಮೊದಲ ಆಹಾರವಾಗುವುದು ಬೇಡ. ಮಾಮೂಲಿ ಪ್ಯಾನ್‌ಕೇಕಿನಲ್ಲಿ ಮೊಟ್ಟೆ, ಹಾಲು, ಗೋಧಿ ಮೂರೂ ಒಟ್ಟಿಗಿರುತ್ತವೆ. ಮೇಲೆ ಪೀನಟ್ ಬಟರ್ ಸವರಿದರೆ ನಾಲ್ಕು. ನಾಲ್ಕೂ ಅಲರ್ಜಿ ತರಬಲ್ಲ ಪದಾರ್ಥಗಳೇ. ತಿಂದ ಮೇಲೆ ಮೈಯಲ್ಲಿ ದದ್ದೆದ್ದರೆ ಯಾವುದರ ಮೇಲೆ ಅನುಮಾನ ಪಡುವುದು? ಅದಕ್ಕೇ ಒಂದೊಂದನ್ನೂ ಬೇರೆ ಬೇರೆ ದಿನ, ಮಗು ಹುಷಾರಾಗಿರುವ ಹೊತ್ತಿನಲ್ಲಿ, ಕಾಲು ಟೀ ಚಮಚದಿಂದ ಶುರುಮಾಡಿ ತಿನ್ನಿಸಿ, ಎರಡು ಗಂಟೆ ಗಮನಿಸಿ. ಎಲ್ಲವೂ ಒಗ್ಗಿದ ಮೇಲೆ ಒಂದೇ ಕಾವಲಿಗೆ ಬರಲಿ.

ಹಾಗೆಂದು ಹೆದರಿ ಮುಂದೂಡುತ್ತ ಹೋಗುವುದೂ ಸರಿಯಲ್ಲ. 2015ರಲ್ಲಿ ಪ್ರಕಟವಾದ ಲೀಪ್ ಅಧ್ಯಯನದಲ್ಲಿ, ಅಲರ್ಜಿಯ ಅಪಾಯ ಹೆಚ್ಚಿದ್ದ ಮಕ್ಕಳಿಗೆ ವರ್ಷ ತುಂಬುವ ಮೊದಲೇ ಕಡಲೆಕಾಯಿ ತಿನ್ನಿಸಲು ಶುರುಮಾಡಿದಾಗ, 5 ವರ್ಷದ ಹೊತ್ತಿಗೆ ಆ ಅಲರ್ಜಿ ಕಾಣಿಸಿಕೊಂಡದ್ದು ತಿನ್ನದವರಿಗಿಂತ ಸುಮಾರು ಶೇ. 80ರಷ್ಟು ಕಡಿಮೆ. ಮಗುವಿಗೆ ತೀವ್ರ ಎಕ್ಸಿಮಾ (ಚರ್ಮ ಒಣಗಿ, ಕೆಂಪಾಗಿ ತುರಿಸುವ ತೊಂದರೆ) ಇದ್ದರೆ, ಅಥವಾ ಈಗಾಗಲೇ ಒಂದು ಅಲರ್ಜಿ ಗೊತ್ತಾಗಿದ್ದರೆ ಮಾತ್ರ ಮೊದಲು ವೈದ್ಯರನ್ನು ಕೇಳಿ.

ಇನ್ನೊಂದು ಬಗೆಯ ತೊಂದರೆಯನ್ನು ಬಹಳ ಮಂದಿ ಗುರುತಿಸುವುದಿಲ್ಲ. ಓಟ್ಸ್ ಅಥವಾ ಅಕ್ಕಿ ತಿಂದ 1ರಿಂದ 4 ಗಂಟೆಯ ನಂತರ ಮಗು ಮತ್ತೆ ಮತ್ತೆ ಜೋರಾಗಿ ವಾಂತಿ ಮಾಡಿ, ಬಿಳಿಚಿಕೊಂಡು, ಸುಸ್ತಾಗಿ ಮಲಗಿಬಿಡಬಹುದು. ದದ್ದು ಇರುವುದಿಲ್ಲ, ಹಾಗಾಗಿ ಅಜೀರ್ಣವೆಂದೋ ಹೊಟ್ಟೆಯ ಸೋಂಕೆಂದೋ ಅಂದುಕೊಳ್ಳುತ್ತಾರೆ. ಒಮ್ಮೆ ಹೀಗಾದರೂ ಆ ಧಾನ್ಯವನ್ನು ಮನೆಯಲ್ಲಿ ಮತ್ತೆ ಪರೀಕ್ಷಿಸಬೇಡಿ, ವೈದ್ಯರ ಹತ್ತಿರ ಹೋಗಿ.

ನಾಲ್ಕು ಹಿಟ್ಟು, ನಾಲ್ಕು ಸ್ವಭಾವ

ಮುಂದಿನ ಅಳತೆಗಳಲ್ಲಿ ಟೀ ಚಮಚವೆಂದರೆ 5 ಮಿ.ಲೀ., ದೊಡ್ಡ ಚಮಚವೆಂದರೆ 15 ಮಿ.ಲೀ. ಮೊಟ್ಟೆಯೆಂದರೆ ಚಿಪ್ಪು ತೆಗೆದ ಮೇಲೆ ಸುಮಾರು 50 ಗ್ರಾಂ ತೂಗುವಂಥದ್ದು.

ಬಾಳೆಹಣ್ಣು ಮತ್ತು ಮೊಟ್ಟೆ. ಸಿಪ್ಪೆ ತೆಗೆದ 100 ಗ್ರಾಂ ಹಣ್ಣು, ಒಂದು ಮೊಟ್ಟೆ, ಅಷ್ಟೆ. ಹೆಸರು ಪ್ಯಾನ್‌ಕೇಕ್ ಆದರೂ ನಿಜಕ್ಕೂ ಇದು ಬಾಳೆಹಣ್ಣಿನ ಆಮ್ಲೆಟ್. ತುಂಬ ಮೆದುವಾಗಿರುತ್ತದೆ, ಧಾನ್ಯ ಇಲ್ಲ, ಎರಡು ನಿಮಿಷದಲ್ಲಿ ಕಲಸಿ ಮುಗಿಯುತ್ತದೆ. ತೊಂದರೆ ಶುರುವಾಗುವುದು ಕಾವಲಿಯ ಮೇಲೆ. ಹಿಡಿದಿಡಲು ಮೊಟ್ಟೆಯೊಂದೇ ಇರುವುದರಿಂದ 6 ಸೆಂ.ಮೀ.ಗಿಂತ ದೊಡ್ಡದಾಗಿ ಹುಯ್ದರೆ ಮಗುಚುವಾಗ ಹರಿದುಹೋಗುತ್ತದೆ. ಕಳಿತ ಹಣ್ಣಿನಲ್ಲಿ ಸಕ್ಕರೆ ಜಾಸ್ತಿ, ಹಾಗಾಗಿ ಒಳಗೆ ಬೇಯುವ ಮೊದಲೇ ತಳ ಕಂದಾಗುತ್ತದೆ. ಪರಿಹಾರ ಸುಲಭ: 2 ದೊಡ್ಡ ಚಮಚ ಓಟ್ಸ್ ಪುಡಿ ಸೇರಿಸಿ 5 ನಿಮಿಷ ಬಿಡಿ. ಹರಿಯುವುದೂ ಕಡಿಮೆಯಾಗುತ್ತದೆ, ಹೊಟ್ಟೆಗೂ ಒಂದಿಷ್ಟು ತಡೆಯುತ್ತದೆ. ಇದನ್ನು ಅಪರೂಪಕ್ಕೆ ಎಂದಿದ್ದು ಕೆಟ್ಟದ್ದೆಂದಲ್ಲ. ದಿನಾ ಇದನ್ನೇ ತಿಂದ ಮಗುವಿಗೆ ಬೆಳಗಿನ ತಿಂಡಿಯೆಂದರೆ ಸಿಹಿ ಎಂಬ ಅಭ್ಯಾಸ ಬಲವಾಗುತ್ತದೆ, ಸಪ್ಪೆಯದನ್ನು ಕೊಟ್ಟ ದಿನ ಮುಖ ತಿರುಗಿಸುತ್ತದೆ.

ಓಟ್ಸ್. 60 ಗ್ರಾಂ ಓಟ್ಸನ್ನು ಮಿಕ್ಸಿಯಲ್ಲಿ ನುಣ್ಣಗೆ ಪುಡಿಮಾಡಿ. ಒಂದು ಮೊಟ್ಟೆ, 80 ಮಿ.ಲೀ. ಹಾಲು, 50 ಗ್ರಾಂ ಮಸೆದ ಬಾಳೆಹಣ್ಣು ಅಥವಾ ಬೇಯಿಸಿ ಮಸೆದ ಸಿಹಿಗೆಣಸು, 1 ಟೀ ಚಮಚ ಎಣ್ಣೆ ಸೇರಿಸಿ ಕಲಸಿ. 10 ನಿಮಿಷ ಮುಚ್ಚಿಡಿ. ಈ ಹತ್ತು ನಿಮಿಷವೇ ಇಡೀ ಕೆಲಸದ ಜೀವಾಳ. ಓಟ್ಸಿನಲ್ಲಿರುವ ಬೀಟಾ ಗ್ಲೂಕಾನ್ ಎಂಬ ನಾರು ನೀರು ಹೀರಿ ಲೋಳೆಯಾಗುತ್ತದೆ. ಆ ಲೋಳೆಯೇ ಪ್ಯಾನ್‌ಕೇಕನ್ನು ಹಿಡಿದಿಡುತ್ತದೆ, ಆರಿದ ಮೇಲೂ ಒಣಗದಂತೆ ಕಾಯುತ್ತದೆ. ಕಲಸಿದ ಕೂಡಲೇ ಹುಯ್ದರೆ ಒಳಗೆ ಹುಡಿ ಹುಡಿ, ಅಂಚು ಒರಟು. ನೆನೆದ ಮೇಲೆ ಹಿಟ್ಟು ಗಟ್ಟಿಯಾಗಿ ಚಮಚದಿಂದ ಮುದ್ದೆಯಾಗಿ ಬಿದ್ದರೆ ಇನ್ನೂ 10–20 ಮಿ.ಲೀ. ಹಾಲು ಹಾಕಿ. ನಿಧಾನವಾಗಿ ಜಾರಿ ಬಿದ್ದು, ತಾನೇ ಸ್ವಲ್ಪ ಹರಡಿ ನಿಂತರೆ ಹದ ಸರಿ. 8 ಸೆಂ.ಮೀ. ಅಗಲದ ಏಳೆಂಟು ಆಗುತ್ತವೆ.

ಓಟ್ಸ್ ಕೊಳ್ಳುವಾಗ ಪೊಟ್ಟಣದ ಹಿಂದೆ ಒಂದೇ ಪದಾರ್ಥ ಇದೆಯೇ ನೋಡಿ. ಸ್ವಾದ ಬೆರೆಸಿದ ದಿಢೀರ್ ಓಟ್ಸಿನಲ್ಲಿ ಸಕ್ಕರೆಯೋ ಉಪ್ಪೋ ಸೇರಿರುತ್ತದೆ. ಗ್ಲುಟೆನ್, ಅಂದರೆ ಗೋಧಿಯಲ್ಲಿರುವ ಅಂಟು ಪ್ರೋಟೀನ್, ಆಗದ ಮಗುವಿಗಾದರೆ ಗ್ಲುಟೆನ್ ಮುಕ್ತ ಎಂದು ನಮೂದಿಸಿದ ಓಟ್ಸೇ ಬೇಕು. ಓಟ್ಸಿನಲ್ಲಿ ಗ್ಲುಟೆನ್ ಇಲ್ಲದಿದ್ದರೂ ಗೋಧಿಯ ಜೊತೆಗೇ ಸಾಗಿಸಿ, ಬೀಸುವ ಕಡೆ ಬೆರಕೆಯಾಗಿರುತ್ತದೆ.

ಇಡೀ ಗೋಧಿ. 75 ಗ್ರಾಂ ಗೋಧಿಹಿಟ್ಟು, ಒಂದು ಮೊಟ್ಟೆ, 120 ಮಿ.ಲೀ. ಹಾಲು, ಅರ್ಧ ಟೀ ಚಮಚ ಬೇಕಿಂಗ್ ಪೌಡರ್, 1 ಟೀ ಚಮಚ ಎಣ್ಣೆ. ರುಚಿ ಎಲ್ಲರಿಗೂ ಹಿಡಿಸುತ್ತದೆ, ಆಕಾರ ಕೆಡುವುದಿಲ್ಲ, ಚೆನ್ನಾಗಿ ಮಗುಚಬಹುದು. ಕೆಡುವುದು ಒಂದೇ ಕಡೆ, ಕಲಸುವಲ್ಲಿ. ಗಂಟು ಒಡೆಯಲೇಬೇಕೆಂದು ಹಠ ಹಿಡಿದು ಕಡೆದಷ್ಟೂ ಗ್ಲುಟೆನ್ ಎಳೆಗಟ್ಟಿ, ಬೆಂದದ್ದು ರಬ್ಬರಿನಂತಾಗುತ್ತದೆ. ದೊಡ್ಡವರಿಗೆ ಅದು ಬರೀ ಜಗಿಯುವ ಕಿರಿಕಿರಿ. ಹಲ್ಲಿಲ್ಲದ ಮಗು ಅದನ್ನು ನುಣ್ಣಗೆ ಮಾಡಲಾರದು. ಒಣ ಪದಾರ್ಥ ಒಂದು ಕಡೆ, ಹಸಿ ಪದಾರ್ಥ ಇನ್ನೊಂದು ಕಡೆ ಬೆರೆಸಿಟ್ಟುಕೊಂಡು, ಕೊನೆಗೆ ಒಟ್ಟುಮಾಡಿ ಹತ್ತು ಹನ್ನೆರಡು ಸುತ್ತು ತಿರುವಿ ನಿಲ್ಲಿಸಿ. ಸಣ್ಣಪುಟ್ಟ ಗಂಟು ಉಳಿದರೆ ಉಳಿಯಲಿ, 10 ನಿಮಿಷ ಬಿಟ್ಟರೆ ತಾವೇ ಕರಗುತ್ತವೆ. ಮೈದಾ ಬಳಸಿದರೆ ಇನ್ನೂ ಮೆದುವಾಗುತ್ತದೆ ನಿಜ. ಆದರೆ ಕಬ್ಬಿಣಾಂಶ ಸೇರಿಸಿರದ ಮೈದಾದಲ್ಲಿ ಅದು ಇಡೀ ಗೋಧಿಯ ಮೂರನೇ ಒಂದರಷ್ಟೇ. ಅರ್ಧಕ್ಕರ್ಧ ಬೆರೆಸುವುದು ಒಪ್ಪಬಹುದಾದ ರಾಜಿ.

ಕಡಲೆಹಿಟ್ಟು. ಸಿಹಿಯಲ್ಲದ ಪ್ಯಾನ್‌ಕೇಕ್‌ಗೆ ನಮ್ಮ ಮೊದಲ ಆಯ್ಕೆ ಇದೇ. 60 ಗ್ರಾಂ ಹಿಟ್ಟಿಗೆ 100 ಮಿ.ಲೀ. ನೀರು, 2 ದೊಡ್ಡ ಚಮಚ ಸಣ್ಣಗೆ ತುರಿದ ಕ್ಯಾರೆಟ್, 1 ಟೀ ಚಮಚ ಎಣ್ಣೆ. ಮೊಟ್ಟೆ ಬೇಡ, ಹಾಲು ಬೇಡ, ಗ್ಲುಟೆನ್ ಇಲ್ಲ. 100 ಗ್ರಾಂ ಕಡಲೆಹಿಟ್ಟಿನಲ್ಲಿ ಸುಮಾರು 22 ಗ್ರಾಂ ಪ್ರೋಟೀನ್, 5 ಮಿ.ಗ್ರಾಂ ಹತ್ತಿರ ಕಬ್ಬಿಣಾಂಶ ಇದೆ. ಹಿಟ್ಟುಗಳನ್ನಷ್ಟೇ ತೂಕಕ್ಕೆ ತೂಕ ಹೋಲಿಸಿದರೆ ಪ್ರೋಟೀನ್ ಅತಿ ಹೆಚ್ಚಿರುವುದು ಇದರಲ್ಲಿ. ಮೊದಲು ಅರ್ಧ ನೀರು ಹಾಕಿ ಗಟ್ಟಿಯಾಗಿ ಕಲಸಿ ಗಂಟು ಒಡೆಯಿರಿ, ಆಮೇಲೆ ಉಳಿದ ನೀರು. ಎಲ್ಲ ನೀರನ್ನೂ ಒಮ್ಮೆಲೇ ಸುರಿದರೆ ಗಂಟು ತೇಲುತ್ತದೆ, ಎಷ್ಟು ಕಲಕಿದರೂ ಒಡೆಯುವುದಿಲ್ಲ. 20 ನಿಮಿಷ ನೆನೆಸಿ, ತೆಳ್ಳಗೆ 3–4 ಮಿ.ಮೀ. ದಪ್ಪಕ್ಕೆ ಹರಡಿ, ಎರಡೂ ಬದಿ ಪೂರಾ ಬೇಯಿಸಿ. ಅರೆಬೆಂದ ಕಡಲೆಹಿಟ್ಟು ಕಹಿ, ಹಸಿ ವಾಸನೆ ಬೇರೆ, ಹೊಟ್ಟೆ ಉಬ್ಬರಿಸುತ್ತದೆ. ಮಗು ಬೇಡವೆಂದು ಉಗುಳಿದರೆ ಹೆಚ್ಚಿನ ಸಲ ತಪ್ಪು ಹಿಟ್ಟಿನದಲ್ಲ, ಉರಿಯದು. ಇದೂ ಬೇಳೆಕಾಳಿನ ಜಾತಿಯದೇ ಆದ್ದರಿಂದ ಮೊದಲ ಸಲ ಸ್ವಲ್ಪವೇ ಕೊಟ್ಟು ನೋಡಿ.

ಅಕ್ಕಿಹಿಟ್ಟಿನ ಬಗ್ಗೆ ಒಂದೇ ಮಾತು. ಬೇಗ ಬೇಯುತ್ತದೆ, ಹಗುರ, ಆದರೆ ದಿನಾ ಅದನ್ನೇ ನೆಚ್ಚಬೇಡಿ. ಅಕ್ಕಿ ಬೇರೆ ಧಾನ್ಯಗಳಿಗಿಂತ ಹೆಚ್ಚು ಆರ್ಸೆನಿಕ್ ಎಂಬ ವಿಷವಸ್ತುವನ್ನು ಹೀರಿಕೊಳ್ಳುವ ಬೆಳೆ. ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2020ರಲ್ಲಿ ಶಿಶುಗಳ ಅಕ್ಕಿ ಸೀರಿಯಲ್‌ಗೆ ಕೆಜಿಗೆ 100 ಮೈಕ್ರೋಗ್ರಾಂ ಅಜೈವಿಕ ಆರ್ಸೆನಿಕ್ ಎಂಬ ಮಿತಿಯನ್ನು ಗೊತ್ತುಮಾಡಿದ್ದು ಈ ಕಾರಣಕ್ಕೇ. ಬೇರೆ ಹಿಟ್ಟುಗಳ ನಡುವೆ ಸರದಿಯಲ್ಲಿ ಬಂದರೆ ಚಿಂತೆಯಿಲ್ಲ.

ಕಬ್ಬಿಣದ ಲೆಕ್ಕ

ತಿಂಗಳು ತುಂಬಿ ಹುಟ್ಟಿದ ಮಗು ಹೊಟ್ಟೆಯಲ್ಲಿದ್ದಾಗ ಕೂಡಿಟ್ಟುಕೊಂಡ ಕಬ್ಬಿಣಾಂಶ ಸುಮಾರು ಆರು ತಿಂಗಳಿಗೆ ಬರಿದಾಗುತ್ತ ಬರುತ್ತದೆ. 7ರಿಂದ 12 ತಿಂಗಳ ಮಗುವಿಗೆ ದಿನಕ್ಕೆ 11 ಮಿ.ಗ್ರಾಂ ಬೇಕೆಂಬುದು ಅಮೆರಿಕದ ಶಿಫಾರಸು. 1ರಿಂದ 3 ವರ್ಷದವರಿಗೆ ಅದು 7 ಮಿ.ಗ್ರಾಂ. ಮೇಲಿನ ಓಟ್ಸ್ ಅಳತೆಯಲ್ಲಿ ಒಟ್ಟು ಮೂರೂವರೆ ಮಿ.ಗ್ರಾಂ ಆಸುಪಾಸು ಸಿಗುತ್ತದೆ. ಎಂಟು ಮಾಡಿದರೆ ಒಂದಕ್ಕೆ ಅರ್ಧ ಮಿ.ಗ್ರಾಂ ಕೂಡ ಇಲ್ಲ. ಎರಡು ತಿಂದ ಮಗುವಿಗೆ ಒಂದು ಮಿ.ಗ್ರಾಂ ತಲುಪಲಿಲ್ಲ, ಅದರಲ್ಲೂ ಮೈಗೆ ಸೇರುವುದು ಒಂದು ಪಾಲು ಮಾತ್ರ. ಅಂದರೆ ಪ್ಯಾನ್‌ಕೇಕ್ ಎಷ್ಟೇ ಆರೋಗ್ಯಕರವಾಗಿರಲಿ, ಕಬ್ಬಿಣಾಂಶದ ಭಾರವನ್ನು ಅದೊಂದೇ ಹೊರಲಾರದು.

ಸುಧಾರಿಸಲು ಎರಡು ದಾರಿ. ಹಿಟ್ಟಿನ ಕಾಲು ಭಾಗ ತೆಗೆದು ಆ ಜಾಗಕ್ಕೆ ಕಬ್ಬಿಣಾಂಶ ಸೇರಿಸಿದ, ಸಕ್ಕರೆಯಿಲ್ಲದ ಶಿಶು ಸೀರಿಯಲ್ ಹಾಕುವುದು ಮೊದಲನೆಯದು. ಅದು ನೀರು ಬೇಗ ಹೀರುತ್ತದೆ, ಆದ್ದರಿಂದ 15–20 ಮಿ.ಲೀ. ದ್ರವ ಹೆಚ್ಚು ಬೇಕು. ಎರಡನೆಯದು ಪಕ್ಕದಲ್ಲಿ ಸಿ ಜೀವಸತ್ವ ಇಡುವುದು: ಕಿತ್ತಳೆ, ಸ್ಟ್ರಾಬೆರಿ, ಸೀಬೆಹಣ್ಣಿನ ಮೆದು ತಿರುಳು. ಧಾನ್ಯ ಮತ್ತು ಬೇಳೆಯ ಕಬ್ಬಿಣಾಂಶವನ್ನು ಮೈ ಹೀರಿಕೊಳ್ಳಲು ಇದು ನೆರವಾಗುತ್ತದೆ. ಹಾಲು ಇದಕ್ಕೆ ವಿರುದ್ಧ, ಅದರ ಕ್ಯಾಲ್ಸಿಯಂ ಅಡ್ಡಬರುತ್ತದೆ. ಹಿಟ್ಟಿಗೆ ಹಾಕಿದ 80 ಮಿ.ಲೀ. ಎಂಟು ಪ್ಯಾನ್‌ಕೇಕಿಗೆ ಹಂಚಿಹೋಗುವುದರಿಂದ ಅದು ದೊಡ್ಡ ಮಾತಲ್ಲ. ತಿಂಡಿಯ ಜೊತೆಗೇ ಒಂದು ಲೋಟ ಹಾಲು ಕುಡಿಸುವುದು ದೊಡ್ಡ ಮಾತು. ಪಾಲಕ್ ಸೇರಿಸಿದರೆ ಬಣ್ಣ ಬರುತ್ತದೆ, ಅದರ ಕಬ್ಬಿಣಾಂಶವನ್ನು ನೆಚ್ಚಿಕೊಳ್ಳುವಂತಿಲ್ಲ.

ದ್ರವ ಯಾವುದಿರಬೇಕು ಎಂಬ ಪ್ರಶ್ನೆಯೂ ಇಲ್ಲೇ ಬರುತ್ತದೆ. ವರ್ಷ ತುಂಬುವ ಮೊದಲು ಹಸುವಿನ ಹಾಲನ್ನು ಎದೆಹಾಲು ಅಥವಾ ಫಾರ್ಮುಲಾ (ಶಿಶುಗಳ ಡಬ್ಬಿಹಾಲು) ಬದಲಿಗೆ ಮುಖ್ಯ ಪಾನೀಯವಾಗಿ ಕೊಡಬಾರದು, ಅಡುಗೆಯಲ್ಲಿ ಸ್ವಲ್ಪ ಬಳಸಬಹುದು. ನೀರಿನಲ್ಲಿ ಕಲಸಿದರೂ ಪ್ಯಾನ್‌ಕೇಕ್ ಆಗುತ್ತದೆ, ಸ್ವಲ್ಪ ಸಪ್ಪೆ, ಬಣ್ಣ ಕಡಿಮೆ. ಮೊಸರು ಹಾಕಿದ್ದು ಇವೆಲ್ಲಕ್ಕಿಂತ ಮೆದು. ಹಾಲಾಗಲಿ ಮೊಸರಾಗಲಿ ಎರಡು ವರ್ಷದವರೆಗೆ ಕೆನೆಯಿರುವುದೇ ಇರಲಿ, ಈ ವಯಸ್ಸಿಗೆ ಕೊಬ್ಬು ಬೇಕು.

ಮೊಟ್ಟೆ ಇಲ್ಲದಿದ್ದರೆ

ಮೊಟ್ಟೆ ಮಾಡುವ ಕೆಲಸ ಎರಡು: ಹಿಡಿದಿಡುವುದು, ಸ್ವಲ್ಪ ಎತ್ತುವುದು. ಜೊತೆಗೆ 6 ಗ್ರಾಂ ಪ್ರೋಟೀನ್ ತರುತ್ತದೆ. ಬದಲಿಗಳಲ್ಲಿ ಯಾವುದೂ ಮೂರನ್ನೂ ಮಾಡುವುದಿಲ್ಲ. 1 ದೊಡ್ಡ ಚಮಚ ಅಗಸೆ ಬೀಜದ ಪುಡಿಯನ್ನು 3 ದೊಡ್ಡ ಚಮಚ ನೀರಿನಲ್ಲಿ 10 ನಿಮಿಷ ನೆನೆಸಿದರೆ ಬರುವ ಲೋಳೆ ಹಿಡಿದಿಡುವುದರಲ್ಲಿ ಮೊಟ್ಟೆಗೆ ಹತ್ತಿರ, ಆದರೆ ಎತ್ತುವುದಿಲ್ಲ, ಒಳಗೆ ಸ್ವಲ್ಪ ಅಂಟಂಟು. ಅರ್ಧ ಬಾಳೆಹಣ್ಣು ಹಿಡಿಯುತ್ತದೆ, ಸಿಹಿಯಾಗುತ್ತದೆ. 50–60 ಗ್ರಾಂ ಗಟ್ಟಿ ಮೊಸರು ಮೆದು ಕೊಡುತ್ತದೆ, ಹಿಡಿತ ಸಾಲದು, ಗೋಧಿಹಿಟ್ಟಿನ ಜೊತೆ ಮಾತ್ರ ಸರಿಹೋಗುತ್ತದೆ. ಮೊಟ್ಟೆ ಬಿಟ್ಟ ದಿನ ಪ್ಯಾನ್‌ಕೇಕ್ ಚಿಕ್ಕದಾಗಿರಲಿ, ಉರಿ ಇನ್ನೂ ಸಣ್ಣದಿರಲಿ. ಇಷ್ಟೆಲ್ಲ ಹೊಂದಿಸುವುದಕ್ಕಿಂತ ಕಡಲೆಹಿಟ್ಟಿನ ಕಡೆಗೆ ಹೋಗುವುದೇ ಸಲೀಸು.

ಮೊಟ್ಟೆಯ ಅಲರ್ಜಿಯಿರುವ ಮಗುವಿನ ತಂದೆತಾಯಿಗೆ ಒಂದು ಎಚ್ಚರಿಕೆ. ಓವನ್ನಿನಲ್ಲಿ ಅರ್ಧ ಗಂಟೆ ಬೆಂದ ಮಫಿನ್ ತಿಂದು ಏನೂ ಆಗಲಿಲ್ಲವೆಂದು ಪ್ಯಾನ್‌ಕೇಕ್ ಕೊಟ್ಟುಬಿಡಬೇಡಿ. ಹೆಚ್ಚು ಹೊತ್ತಿನ ಶಾಖಕ್ಕೆ ಮೊಟ್ಟೆಯ ಪ್ರೋಟೀನಿನ ರೂಪ ಬದಲಾಗಿ ಅಲರ್ಜಿಯ ಕಾವು ತಗ್ಗುತ್ತದೆ. ಕಾವಲಿಯ ಮೇಲೆ ಮೂರ್ನಾಲ್ಕು ನಿಮಿಷ ಬೆಂದದ್ದರಲ್ಲಿ ಅಷ್ಟು ಬದಲಾಗಿರುವುದಿಲ್ಲ. ಹಾಲಿನ ಅಲರ್ಜಿಗೂ ಇದೇ ಮಾತು. ವೈದ್ಯರು ಹಂತಹಂತವಾಗಿ ಒಗ್ಗಿಸುವಾಗ ಬಿಸ್ಕತ್ತು, ಮಫಿನ್ ಆದ ಮೇಲೆಯೇ ಪ್ಯಾನ್‌ಕೇಕಿನ ಮೆಟ್ಟಿಲು ಬರುತ್ತದೆ.

ಉಬ್ಬಿಸಲು ಏನು ಹಾಕಬೇಕು

ಉಪ್ಪು ಹಾಕಲಿಲ್ಲವಲ್ಲ ಎಂದು ನೆಮ್ಮದಿಯಾಗಿರುವವರು ಬೇಕಿಂಗ್ ಪೌಡರನ್ನು ಮರೆತಿರುತ್ತಾರೆ. ಅದೂ ಸೋಡಿಯಂ. ವರ್ಷದೊಳಗಿನ ಮಗುವಿಗೆ ಇಡೀ ದಿನಕ್ಕೆ 1 ಗ್ರಾಂ ಉಪ್ಪು ದಾಟಬಾರದೆಂಬುದು ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್‌ನ ಸಲಹೆ. ಅದು 400 ಮಿ.ಗ್ರಾಂ ಸೋಡಿಯಂಗೆ ಸಮ. ಒಂದು ಟೀ ಚಮಚ ಬೇಕಿಂಗ್ ಪೌಡರಿನಲ್ಲಿ, ತಯಾರಕರನ್ನು ಅವಲಂಬಿಸಿ, ಹೆಚ್ಚುಕಡಿಮೆ ಅಷ್ಟೇ ಇರುತ್ತದೆ, ಕೆಲವದರಲ್ಲಿ ಇನ್ನೂ ಜಾಸ್ತಿ. ಅರ್ಧ ಟೀ ಚಮಚ ಹಾಕಿ ಎಂಟು ಪ್ಯಾನ್‌ಕೇಕ್ ಮಾಡಿದರೆ ಒಂದಕ್ಕೆ 25–30 ಮಿ.ಗ್ರಾಂ, ಅದು ನಡೆಯುತ್ತದೆ. ದೊಡ್ಡವರ ಪಾಕವಿಧಾನದ ಎರಡು ಟೀ ಚಮಚ ನಡೆಯುವುದಿಲ್ಲ.

ಅಡುಗೆ ಸೋಡಾ ಇನ್ನೂ ಖಾರವಾದ ಸರಕು: ಟೀ ಚಮಚಕ್ಕೆ ಸುಮಾರು 1,250 ಮಿ.ಗ್ರಾಂ ಸೋಡಿಯಂ. ಬೇಕಾಗುವ ಪ್ರಮಾಣ ಕಡಿಮೆ ಎಂಬುದು ನಿಜ, ಒಂದು ಕಪ್ ಮೊಸರಿಗೆ ಕಾಲು ಟೀ ಚಮಚ ಸಾಕು. ಹುಳಿ ಇಲ್ಲದ ಹಿಟ್ಟಿಗೆ ಹಾಕಿದರೆ ಕೆಲಸ ಮಾಡದೆ ಸೋಪಿನ ರುಚಿ ಉಳಿಸುತ್ತದೆ, ಹೊರಮೈ ಬೇಗ ಕಂದಾಗಿಸುತ್ತದೆ. ಬ್ಲೂಬೆರಿ ಹಾಕಿದ ಹಿಟ್ಟಿನಲ್ಲಿ ಸೋಡಾ ಜಾಸ್ತಿಯಾದರೆ ಹಣ್ಣಿನ ಸುತ್ತ ಹಸಿರು ಬೂದು ಬಣ್ಣ ಬರುತ್ತದೆ. ಕೆಟ್ಟಿದೆಯೆಂದು ಎಸೆಯಬೇಡಿ, ಆ ಹಣ್ಣಿನ ಬಣ್ಣವೇ ಕ್ಷಾರದಲ್ಲಿ ಹಾಗೆ ತಿರುಗುತ್ತದೆ.

ಸೋಡಿಯಂ ಸೇರಿಸದೆ ಉಬ್ಬಿಸುವ ದಾರಿಯೂ ಇದೆ. ಮೊಟ್ಟೆಯ ಬಿಳಿಯನ್ನು ಬೇರೆಮಾಡಿ, ಜಿಡ್ಡಿಲ್ಲದ ಪಾತ್ರೆಯಲ್ಲಿ ಬಿಳಿ ನೊರೆ ನಿಲ್ಲುವವರೆಗೆ ಕಡೆದು, ಉಳಿದ ಹಿಟ್ಟಿಗೆ ಕೊನೆಯಲ್ಲಿ ಹಗುರವಾಗಿ ಮಡಚಿದಂತೆ ಬೆರೆಸಿ ಕೂಡಲೇ ಹುಯ್ಯಿರಿ. ಹತ್ತು ನಿಮಿಷ ಕೆಲಸ ಹೆಚ್ಚು. ಓಟ್ಸಿನದಕ್ಕೆ ಮತ್ತು ಬಾಳೆಹಣ್ಣಿನದಕ್ಕೆ ನಾವಂತೂ ಇದ್ಯಾವುದನ್ನೂ ಹಾಕುವುದಿಲ್ಲ. ಚಪ್ಪಟೆಯಾಗಿ ಬರುತ್ತದೆ, ಮೆದುವಾಗಿಯೇ ಇರುತ್ತದೆ.

ಸಿಹಿ, ಹಣ್ಣು, ಬೀಜ

ಎರಡು ವರ್ಷದವರೆಗೆ ಸಕ್ಕರೆ ಸೇರಿಸಬೇಡಿ. ಬೆಲ್ಲ, ಮೇಪಲ್ ಸಿರಪ್, ಖರ್ಜೂರದ ಪಾಕ ಎಲ್ಲವೂ ಈ ಲೆಕ್ಕಕ್ಕೇ ಬರುತ್ತವೆ. ವರ್ಷ ತುಂಬುವವರೆಗೆ ಜೇನುತುಪ್ಪ ಖಂಡಿತ ಕೂಡದು, ಹಿಟ್ಟಿನಲ್ಲಿ ಬೇಯಿಸಿದ್ದೂ ಕೂಡದು. ಜೇನಿನಲ್ಲಿರಬಹುದಾದ, ಬಾಟುಲಿಸಂ ಎಂಬ ಅಪಾಯಕಾರಿ ಕಾಯಿಲೆ ತರುವ ಬ್ಯಾಕ್ಟೀರಿಯಾದ ಬೀಜಾಣುಗಳು ಕುದಿಯುವ ಶಾಖಕ್ಕೆ ಸಾಯುವುದಿಲ್ಲ. ಪ್ಯಾನ್‌ಕೇಕಿನ ಒಳಭಾಗವಾದರೋ ನೀರಿನ ಅಂಶ ಇರುವವರೆಗೆ 100 ಡಿಗ್ರಿ ಸೆಲ್ಸಿಯಸ್ ದಾಟುವುದೇ ಇಲ್ಲ.

ಬಾಳೆಹಣ್ಣಿನ ಬದಲು ಬೇಯಿಸಿ ಮಸೆದ ಸೇಬು, ಸಿಹಿಗೆಣಸು, ಸಿಹಿಗುಂಬಳ ಬಳಸಬಹುದು. ಸೇಬು ನೀರು ಬಿಡುತ್ತದೆ, ದ್ರವ 20 ಮಿ.ಲೀ. ಕಡಿಮೆ ಮಾಡಿ. ಸಿಹಿಗೆಣಸು ಹೀರುತ್ತದೆ, ಅಷ್ಟೇ ಹೆಚ್ಚು ಹಾಕಿ. ಸೌತೆಯಂಥ ನೀರಿನ ತರಕಾರಿಯನ್ನು ತುರಿದು ಹಿಂಡಿ ಹಾಕದಿದ್ದರೆ ನಡುಭಾಗ ಹಸಿಯಾಗಿಯೇ ಉಳಿಯುತ್ತದೆ. ಹಸಿ ಸೇಬಿನ ಚೂರು, ಇಡೀ ದ್ರಾಕ್ಷಿ, ಒಣದ್ರಾಕ್ಷಿ ಹಾಕಬೇಡಿ. ಬ್ಲೂಬೆರಿಯನ್ನು ಬೆರಳಲ್ಲಿ ಅದುಮಿ ಚಪ್ಪಟೆ ಮಾಡಿ ಹಾಕಿ. ಬಾದಾಮಿ, ಗೋಡಂಬಿ ಪುಡಿಯ ರೂಪದಲ್ಲಿ ಮಾತ್ರ, ಐದು ವರ್ಷದವರೆಗೆ ಇಡೀ ಕಾಳು ಕೊಡಬಾರದು. ಪೀನಟ್ ಬಟರ್ ಮುದ್ದೆಯಾಗಿ ಇಟ್ಟರೆ ಗಂಟಲಲ್ಲಿ ಅಂಟಿಕೊಳ್ಳುತ್ತದೆ. ಬಿಸಿನೀರಿನಲ್ಲಿ ತೆಳ್ಳಗೆ ಮಾಡಿ ಹಿಟ್ಟಿಗೇ ಬೆರೆಸಿ.

ಕಾವಲಿಯ ಮೇಲೆ

ಕಾವಲಿ ಮಧ್ಯಮ ಉರಿಯಲ್ಲಿ ಎರಡು ಮೂರು ನಿಮಿಷ ಕಾಯಲಿ. ನೀರಿನ ಹನಿ ಚಿಮುಕಿಸಿದರೆ ಚುರ್ರೆಂದು ಕುಣಿಯಬೇಕು. ತಕ್ಷಣ ಆವಿಯಾದರೆ ಕಾವು ಜಾಸ್ತಿ, ಸುಮ್ಮನೆ ಕುಳಿತರೆ ಸಾಲದು. ಅರ್ಧ ಟೀ ಚಮಚ ಎಣ್ಣೆ ಸವರಿ, ಉರಿ ಸಣ್ಣದು ಮಾಡಿ, ಆಮೇಲೆ ಹುಯ್ಯಿರಿ.

ಗುಳ್ಳೆ ಒಡೆದ ಮೇಲೆ ಮಗುಚು ಎಂಬ ಮಾತು ಬೇಕಿಂಗ್ ಪೌಡರ್ ಹಾಕಿದ ಗೋಧಿಯದಕ್ಕೆ ಮಾತ್ರ ಸರಿ. ಓಟ್ಸಿನದರಲ್ಲಿ, ಬಾಳೆಹಣ್ಣಿನದರಲ್ಲಿ ಗುಳ್ಳೆ ಬರುವುದೇ ಅಪರೂಪ. ಕಾಯುತ್ತ ಕೂತರೆ ತಳ ಸೀಯುತ್ತದೆ. ಅಲ್ಲಿ ನೋಡಬೇಕಾದ್ದು ಅಂಚು: ಸುತ್ತ ಒಂದು ಸೆಂ.ಮೀ. ಹೊಳಪು ಹೋಗಿ ಮಂಕಾಗಿರಬೇಕು, ತೆಳುವಾದ ಸೌಟು ತೂರಿಸಿದರೆ ತಳ ತಾನೇ ಬಿಡಬೇಕು. ಬಿಡದಿದ್ದರೆ ಅರ್ಧ ನಿಮಿಷ ತಡೆಯಿರಿ. ಕೆರೆದು ಎಬ್ಬಿಸಿದ್ದೇ ಹೆಚ್ಚಿನವು ಹರಿಯಲು ಕಾರಣ. ಮೊದಲ ಬದಿ ಎರಡರಿಂದ ಮೂರು ನಿಮಿಷ, ಎರಡನೆಯದು ಒಂದರಿಂದ ಎರಡು.

ಬಣ್ಣ ತಿಳಿಹೊನ್ನಿನಲ್ಲಿ ನಿಲ್ಲಲಿ. ಪಿಷ್ಟವಿರುವ ಪದಾರ್ಥ ಕಂದಾದಷ್ಟೂ ಅಕ್ರಿಲಮೈಡ್ ಎಂಬ ಬೇಡದ ವಸ್ತು ಹೆಚ್ಚುತ್ತದೆ, ಸೀದ ಅಂಚು ಎಳೆಯ ಒಸಡಿಗೂ ಒರಟು. ಒಳಗೆ ಮಾತ್ರ ಪೂರಾ ಬೆಂದಿರಬೇಕು. ಮೊದಲನೆಯದನ್ನು ಮುರಿದು ನೋಡಿ: ನಡುವೆ ಹಸಿ ಲೋಳೆ ಕಂಡರೆ ಉರಿ ಜಾಸ್ತಿ ಅಥವಾ ಹಿಟ್ಟು ದಪ್ಪ. ಮಿಕ್ಕವನ್ನು ಸಣ್ಣ ಉರಿಯಲ್ಲಿ, ಮುಚ್ಚಳ ಮುಚ್ಚಿ ಬೇಯಿಸಿ. ಮುಚ್ಚಳದ ಹಬೆ ಒಳಗನ್ನು ಬೇಯಿಸುವುದರ ಜೊತೆಗೆ ಮೇಲ್ಮೈಯನ್ನೂ ಮೆದು ಮಾಡುತ್ತದೆ.

ಬಹಳ ಮಾಡುವುದಿದ್ದರೆ ಓವನ್ ವಾಸಿ. ಬೇಕಿಂಗ್ ಕಾಗದ ಹಾಸಿದ ತಟ್ಟೆಯಲ್ಲಿ 1 ಸೆಂ.ಮೀ. ದಪ್ಪಕ್ಕೆ ಸುರಿದು 190 ಡಿಗ್ರಿಯಲ್ಲಿ 12–15 ನಿಮಿಷ ಬೇಯಿಸಿ, ಆರಿದ ಮೇಲೆ ಉದ್ದುದ್ದ ಕತ್ತರಿಸಿ. ಮಗುಚುವ ತಲೆನೋವಿಲ್ಲ. ಓಟ್ಸಿನದಕ್ಕೆ ತುಂಬ ಹೊಂದುತ್ತದೆ, ಕಡಲೆಹಿಟ್ಟಿನದು ಮಾತ್ರ ಒಣಗಿ ಬಿರುಕು ಬಿಡುತ್ತದೆ.

ಕತ್ತರಿಸುವುದು, ಕೊಡುವುದು

ಆರರಿಂದ ಎಂಟು ತಿಂಗಳ ಮಗು ಇಡೀ ಅಂಗೈಯಲ್ಲಿ ಹಿಡಿಯುತ್ತದೆ. ಎರಡು ಬೆರಳು ಅಗಲದ ಉದ್ದ ಪಟ್ಟಿಗಳಾಗಿ ಕತ್ತರಿಸಿದರೆ ಮುಷ್ಟಿಯಿಂದ ಆಚೆ ತುದಿ ಚಾಚಿರುತ್ತದೆ, ಕಚ್ಚಲು ಸಿಗುತ್ತದೆ. ಈ ವಯಸ್ಸಿಗೆ ಚಿಕ್ಕ ಚೂರು ಮಾಡುವುದೇ ಕ್ಷೇಮವೆಂದು ತೋರುತ್ತದೆ, ಆದರೆ ಅದನ್ನು ಹೆಕ್ಕಲು ಬೆರಳು ಬರುವುದಿಲ್ಲ, ಅಂಗೈಯಲ್ಲೇ ಸಿಕ್ಕಿಕೊಳ್ಳುತ್ತದೆ. ಒಂಬತ್ತರ ಹೊತ್ತಿಗೆ ಹೆಬ್ಬೆರಳು ತೋರುಬೆರಳಿನಲ್ಲಿ ಚಿವುಟಿ ಹೆಕ್ಕಲು ಶುರುಮಾಡಿದಾಗ ಕಡಲೆಕಾಳಿನಷ್ಟು ದೊಡ್ಡ ಚೂರು ಕೊಡಿ. ವರ್ಷ ಕಳೆದ ಮೇಲೆ ಚಿಕ್ಕ ಪ್ಯಾನ್‌ಕೇಕನ್ನು ಇಡಿಯಾಗಿ ಕೊಟ್ಟರೂ ತಾನೇ ಹರಿದು ತಿನ್ನಲು ಕಲಿಯುತ್ತದೆ. ಮುಷ್ಟಿ ತುಂಬ ಬಾಯಿಗೆ ತುರುಕುವ ಮಗುವಾದರೆ ತಟ್ಟೆಯಲ್ಲಿ ಒಂದೊಂದೇ ಚೂರು ಇಡಿ.

ಹೆಬ್ಬೆರಳು ತೋರುಬೆರಳಿನ ನಡುವೆ ಅದುಮಿ ನೋಡಿ. ಸುಲಭವಾಗಿ ಜಜ್ಜಿಹೋಗಬೇಕು, ಹಿಟ್ಟಿನುಂಡೆಯಂತೆ ಒತ್ತಿಕೊಂಡು ಅಂಟಬಾರದು. ಹಾಗೆ ಅಂಟಿದರೆ ಒಳಗೆ ಬೆಂದಿಲ್ಲ ಅಥವಾ ತುಂಬ ಒಣಗಿದೆ. ಒಣಗಿದ್ದಕ್ಕೆ ಮೊಸರೋ ಮಸೆದ ಹಣ್ಣೋ ಸವರಿ ಕೊಡಿ. ಯಾವ ವಯಸ್ಸಿನಲ್ಲೇ ಆಗಲಿ, ನೆಟ್ಟಗೆ ಕೂರಿಸಿ, ಎದುರಿಗೆ ಕುಳಿತೇ ತಿನ್ನಿಸಬೇಕು. ಓಡಾಡುತ್ತ ತಿನ್ನುವುದು ಬೇಡ. ಮಗು ಒಂದೆರಡು ಸಲ ಓಕರಿಸಿ ತಾನೇ ಹೊರಗೆ ತಂದರೆ ಗಾಬರಿಬೇಡ, ಅದು ಕಲಿಕೆಯ ಭಾಗ. ಸದ್ದೇ ಇಲ್ಲದೆ ಉಸಿರು ಕಟ್ಟಿ ಮುಖದ ಬಣ್ಣ ಬದಲಾದರೆ ಅದು ಬೇರೆ, ತಕ್ಷಣ ಪ್ರಥಮ ಚಿಕಿತ್ಸೆ ಬೇಕು.

ಎತ್ತಿಡುವುದು

ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಲಿ, 4 ಡಿಗ್ರಿಯಲ್ಲಿ ಎರಡು ದಿನ ಇರುತ್ತದೆ. ಮಗು ಕಚ್ಚಿ ಬಿಟ್ಟದ್ದನ್ನು ಎತ್ತಿಡಬೇಡಿ. ಫ್ರೀಜರಿನಲ್ಲಿ ಒಂದೆರಡು ತಿಂಗಳು ಚೆನ್ನಾಗಿರುವುದು ಓಟ್ಸಿನದು ಮತ್ತು ಗೋಧಿಯದು. ಬಾಳೆಹಣ್ಣು ಮೊಟ್ಟೆಯದು ಕರಗಿದಾಗ ನೀರು ಬಿಟ್ಟು ಮುದ್ದೆಯಾಗುತ್ತದೆ, ಕಡಲೆಹಿಟ್ಟಿನದು ಪುಡಿಯಾಗುತ್ತದೆ. ಮೊದಲು ತಟ್ಟೆಯಲ್ಲಿ ಒಂದಕ್ಕೊಂದು ತಾಗದಂತೆ ಹರಡಿ ಒಂದು ಗಂಟೆ ಗಟ್ಟಿಯಾಗಿಸಿ, ಆಮೇಲೆ ಚೀಲಕ್ಕೆ ಹಾಕಿದರೆ ಬೇಕಾದಾಗ ಎರಡೇ ಎರಡು ತೆಗೆಯಬಹುದು. ಬಿಸಿಮಾಡಲು ಕಾವಲಿಗೆ ಹಾಕಿ, ಸುತ್ತ ಒಂದು ಟೀ ಚಮಚ ನೀರು ಚಿಮುಕಿಸಿ, ಮುಚ್ಚಿ, ಹಬೆಯಾಡುವವರೆಗೆ ಸಣ್ಣ ಉರಿಯಲ್ಲಿ ಬಿಡಿ. ಒಮ್ಮೆ ಬಿಸಿಮಾಡಿದ್ದನ್ನು ಮತ್ತೆ ಬಿಸಿಮಾಡುವಂತಿಲ್ಲ. ಮೈಕ್ರೋವೇವಿನಲ್ಲಾದರೆ 20 ಸೆಕೆಂಡಿನಂತೆ ಬಿಸಿಮಾಡುತ್ತ ನೋಡಿ, ಕೊಡುವ ಮೊದಲು ಮುರಿದು ಬೆರಳಿಟ್ಟು ನೋಡಿ: ಅಂಚು ಉಗುರುಬೆಚ್ಚಗಿದ್ದರೂ ನಡುವಿನ ಹಣ್ಣು ನಾಲಗೆ ಸುಡುವಷ್ಟು ಕಾದಿರುತ್ತದೆ.